ತೊಟ್ಟಿಯಲ್ಲಿ ನಮ್ಮವರು

ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಸರಿಯಾಗಿ ನಡೆಯುತ್ತಿದ್ದುದರಿಂದ ಮೇಲಿನ ಕಚೇರಿಗೆ ಸಂಶಯ ಬಂದಿತು.

ಘಟಕವೆಂದರೆ ದೊಡ್ಡದೇನಲ್ಲ. ಒಂದು ದುಂಡನೆಯ ಕಾಂಕ್ರೀಟು ತೊಟ್ಟಿ, ಅದಕ್ಕೆ ಗಾಳಿ ಊದುವ ಎರಡು ಯಂತ್ರ, ಒಂದು ತಗಡಿನ ಕೋಣೆ, ಕೋಣೆಯಲ್ಲೊಂದು ಮೇಜು, ಮೇಜಿನ ಮೇಲೆ ದಿನಚರಿ ಪುಸ್ತಕ. ಮನೆಮನೆಯ ಕಪ್ಪು ನೀರು ಒಂದು ಕಡೆಯಿಂದ ಒಳಗೆ ಬರುತ್ತಿತ್ತು. ಇನ್ನೊಂದು ಕಡೆಯಿಂದ ತಿಳಿನೀರಾಗಿ ಕೆರೆಗೆ ಹೋಗುತ್ತಿತ್ತು. ನಡುವೆ ಏನಾಗುತ್ತದೆಂದು ಯಾರೂ ಕೇಳಿರಲಿಲ್ಲ. ಒಳ್ಳೆಯದು ನಡೆಯುತ್ತಿರುವಾಗ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ. ಎಲ್ಲರೂ ಅವನನ್ನು ತೊಟ್ಟಿಯಪ್ಪ ಎನ್ನುತ್ತಿದ್ದರು. ಬೆಳಿಗ್ಗೆ ಬಂದು, ತೊಟ್ಟಿಗೊಮ್ಮೆ ಕೈಮುಗಿದು, ಗಾಜಿನ ಜಾಡಿಯಲ್ಲಿ ಅದರ ನೀರು ತುಂಬಿಟ್ಟು, ಅರ್ಧ ಗಂಟೆಯಲ್ಲಿ ಕಂದು ಗಸಿ ಎಷ್ಟು ಇಳಿಯಿತೆಂದು ನೋಡಿ, ಪುಸ್ತಕದಲ್ಲಿ ಬರೆಯುವನು: "ಇಂದು ನಮ್ಮವರು ಚೆನ್ನಾಗಿದ್ದಾರೆ." "ನಮ್ಮವರು ಸ್ವಲ್ಪ ಸುಸ್ತು, ಗಾಳಿ ಹೆಚ್ಚಿಸಿದೆ." "ನಮ್ಮವರು ಎಲ್ಲ ತಿಂದು ಮುಗಿಸಿದರು." ಆ ಗಸಿಯಲ್ಲಿದ್ದುಕೊಂಡು ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳನ್ನು ಅವನು ಹಾಗೆ ಕರೆಯುತ್ತಿದ್ದ. ಬ್ಯಾಕ್ಟೀರಿಯಾ ಎಂದು ಬರೆಯಲು ಎರಡು ಒತ್ತಕ್ಷರ ಬೇಕು. ನಮ್ಮವರು ಎಂಬುದಕ್ಕೆ ಒಂದು ಸಾಕು.

ಪುಸ್ತಕ ತಪಾಸಣೆಗೆ ಹೋಯಿತು. ನೋಟಿಸು ಬಂದಿತು.

"ಸದರಿ ಘಟಕದಲ್ಲಿ ತಾವು ತಮ್ಮ ಕಡೆಯವರನ್ನು ಅನಧಿಕೃತವಾಗಿ ಕೆಲಸಕ್ಕೆ ಇಟ್ಟುಕೊಂಡಿರುವುದು ತಮ್ಮ ಕೈಬರಹದಿಂದಲೇ ಸಾಬೀತಾಗಿರುತ್ತದೆ. ಸ್ವಜನಪಕ್ಷಪಾತದ ಕಾರಣಕ್ಕಾಗಿ ತಮ್ಮನ್ನು ಸೇವೆಯಿಂದ ಏಕೆ ವಜಾ ಮಾಡಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಹೆಂಡತಿ ನೋಟಿಸನ್ನು ಎರಡು ಸಲ ಓದಿಸಿಕೊಂಡಳು. "ನಿವೃತ್ತಿಗೆ ಇನ್ನೆರಡೇ ವರ್ಷ. ಬೇರೆ ಏನಾದ್ರೂ ಬರೀಬಾರದಿತ್ತಾ? ನಂಗೆ ನಮ್ಮವರು ಅಂದ್ರೆ ನೀವೊಬ್ರೇ. ನಿಮಗೆ ಮಾತ್ರ ಒಂದು ತೊಟ್ಟಿ ತುಂಬ!"

ಏಳನೆಯ ದಿನ ವಿಚಾರಣಾಧಿಕಾರಿಗಳು ಬಂದರು. ಘಟಕದಲ್ಲಿ ವಾಸನೆ ಇರಲಿಲ್ಲ. ಆದರೂ ಸುತ್ತೋಲೆಯಂತೆ ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತರು.

"ನಿಮ್ಮವರು ಒಟ್ಟು ಎಷ್ಟು ಜನ?"

"ಎಣಿಸಿಲ್ಲ ಸಾರ್. ಒಂದು ಚಮಚದಲ್ಲೇ ಕೋಟಿಗಟ್ಟಲೆ ಇರ್ತಾರೆ."

"ಕೆಲಸದ ವೇಳೆ?"

"ಹಗಲೂ ರಾತ್ರಿ."

"ರಜೆ?"

"ಇದುವರೆಗೂ ತಗೊಂಡಿಲ್ಲ."

ಅಧಿಕಾರಿಗಳು ಬರೆಯುವುದನ್ನು ನಿಲ್ಲಿಸಿದರು. "ಇದು ಸರ್ಕಾರಿ ಘಟಕ ತಾನೇ?"

"ಹೌದು ಸಾರ್."

"ಊಟದ ವ್ಯವಸ್ಥೆ?"

"ಊರಿನವರು ಬಿಟ್ಟಿದ್ದನ್ನ ತಿಂತಾರೆ. ತಿನ್ನೋದೇ ಅವರ ಕೆಲಸ."

ಇದೊಂದು ಮಾತು ಅಧಿಕಾರಿಗಳಿಗೆ ವಿವರಣೆಯಿಲ್ಲದೆ ಅರ್ಥವಾಯಿತು. "ಸಂಸಾರ?"

"ಗಾಳಿ, ಊಟ ಹೊಂದಿದ್ರೆ ಅರ್ಧ ಗಂಟೆಗೆ ಒಬ್ಬರು ಇಬ್ಬರಾಗೋರೂ ಇದ್ದಾರೆ ಸಾರ್."

"ಅಂದ್ರೆ ನಾನು ಬಂದು ಕೂತ ಮೇಲೂ ಇಲ್ಲಿ ನೇಮಕಾತಿ ಆಗಿದೆ?"

"ಆಗ್ತಾ ಇದೆ ಸಾರ್."

ಪ್ರಯೋಗಾಲಯದ ಮೇಡಂ ಸಾಕ್ಷಿ ಹೇಳಲು ಸೂಕ್ಷ್ಮದರ್ಶಕದೊಡನೆ ಬಂದಿದ್ದರು. ಅಧಿಕಾರಿಗಳು ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬಹಳ ಹೊತ್ತು ನೋಡಿ, "ಮುಖಚಹರೆಯಲ್ಲಿ ಆರೋಪಿಯೊಂದಿಗೆ ಹೋಲಿಕೆ ಕಂಡುಬರಲಿಲ್ಲ" ಎಂದು ದಾಖಲಿಸಿದರು.

"ಸಾರ್, ಇವರು ಇಲ್ಲಿ ಮಾತ್ರ ಇಲ್ಲ" ಎಂದರು ಮೇಡಂ. "ಹೊಲದಲ್ಲಿದ್ದಾರೆ, ಗಾಳಿಯ ಸಾರಜನಕ ಹಿಡಿದು ಕಾಳಿನ ಗಿಡದ ಬೇರಿಗೆ ಕೊಡ್ತಾರೆ. ಬಿದ್ದ ಎಲೆನ ಗೊಬ್ಬರ ಮಾಡ್ತಾರೆ. ಹಾಲು ಮೊಸರಾಗೋದೂ ಇವರಿಂದಾನೇ. ನಿಮ್ಮ ಹೊಟ್ಟೇಲೂ ಇದ್ದಾರೆ, ಊಟ ಅರಗೋಕೆ ಸಹಾಯ ಮಾಡ್ತಾರೆ."

"ನನ್ನ ಹೊಟ್ಟೇಲಿ, ಇವನ ಕಡೆಯವರು?"

"ಕರುಳಲ್ಲಿ, ಸಾರ್."

"ಯಾರ ಅನುಮತಿ ಮೇಲೆ?"

"ನೀವು ಕೂಸಾಗಿದ್ದಾಗಲೇ ಬಂದು ಸೇರ್ಕೊಂಡಿದ್ದು."

ಅಧಿಕಾರಿಗಳು ಹೊಟ್ಟೆ ಮುಟ್ಟಿಕೊಂಡು ಯೋಚಿಸಿದರು. ಕೊನೆಗೆ ಅದು ಆರೋಗ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆಂದು ತೀರ್ಮಾನಿಸಿ ಕೈ ತೆಗೆದರು. ಕಣ್ಣಿಗೆ ಕಾಣದೆ ದುಡಿಯುವವರನ್ನು ನಂಬುವುದು ಭಕ್ತರಿಗೆ ಕಷ್ಟವೇನಲ್ಲ. ಕಚೇರಿಗೆ ಮಾತ್ರ ಹಾಜರಿ ಪುಸ್ತಕ ಬೇಕಾಗುತ್ತದೆ.

ಆದೇಶವಾಯಿತು. ಹಾಜರಿಯಲ್ಲಿ ಹೆಸರಿಲ್ಲದವರನ್ನೆಲ್ಲ ಕೂಡಲೇ ತೆರವುಗೊಳಿಸತಕ್ಕದ್ದು. ಆ ಕೆಲಸವನ್ನು ತೊಟ್ಟಿಯಪ್ಪನೇ ಮಾಡತಕ್ಕದ್ದು. ತಪ್ಪಿದಲ್ಲಿ ಅವನನ್ನೂ ತೆರವುಗೊಳಿಸಲಾಗುವುದು. ಆರು ಮೂಟೆ ಬ್ಲೀಚಿಂಗ್ ಪುಡಿ ಬಂದಿಳಿಯಿತು. ತೊಟ್ಟಿಯಪ್ಪ ಮೊದಲನೆಯ ಮೂಟೆ ಬಿಚ್ಚಿ, ತೊಟ್ಟಿಗೊಮ್ಮೆ ಕೈಮುಗಿದ. "ಹೊಟ್ಟೆಪಾಡು ಕಣ್ರಪ್ಪಾ" ಎಂದು ನೀರಿಗೆ ಹೇಳಿ ಸುರಿದ. ಆ ದಿನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಕಚೇರಿಯು ಇದನ್ನು ಸುಧಾರಣೆಯ ಮೊದಲ ಲಕ್ಷಣವೆಂದು ಮೆಚ್ಚಿಕೊಂಡಿತು.

ಮೂರು ದಿನಗಳಲ್ಲಿ ಒಳಗೆ ಬಂದ ನೀರು ಬಂದಂತೆಯೇ ಹೊರಗೆ ಹೋಗತೊಡಗಿತು. ಕೆರೆಯಲ್ಲಿ ಮೀನುಗಳು ಅಂಗಾತ ತೇಲಿದವು. ಜನ ಕಿಟಕಿ ಮುಚ್ಚಿಕೊಂಡು ದೂರು ಬರೆದರು. ಕಚೇರಿಯು ಪ್ರಕಟಣೆ ಹೊರಡಿಸಿತು: "ವಾಸನೆ ಇರುವುದು ನಿಜ. ಆದರೆ ಈಗಿನದು ನಿಯಮಬದ್ಧ ವಾಸನೆಯಾಗಿದ್ದು, ನಾಗರಿಕರು ಆತಂಕಪಡಬೇಕಾಗಿಲ್ಲ." ಹಲವರಿಗೆ ಸಮಾಧಾನವಾಯಿತು.

ಆದರೆ ಗಾಳಿ ತಿರುಗಿ ಕಚೇರಿಯ ಕಡೆಗೇ ಬೀಸಿತು. ವಿಚಾರಣಾಧಿಕಾರಿಗಳು ಮತ್ತೆ ಬಂದು, ಮೇಡಂ ಹೇಳಿದ್ದನ್ನು ಕೇಳಿ, ಒಂದೇ ಸಾಲಿನ ವರದಿ ಕಳಿಸಿದರು: "ಘಟಕ ನಡೆಯಬೇಕಾದರೆ ನಮ್ಮವರು ಇರಲೇಬೇಕು."

ಇಷ್ಟು ಸ್ಪಷ್ಟವಾದ ವರದಿ ಆ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲ. ಯಾವ ಮೇಜಿನ ಮೇಲೂ ಒಂದು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ವಾರದೊಳಗೆ ಹನ್ನೊಂದು ಹುದ್ದೆ ಮಂಜೂರಾಗಿ ಭರ್ತಿಯೂ ಆದವು. ಮುಖ್ಯಾಧಿಕಾರಿಗಳ ಅಳಿಯ, ವಿಚಾರಣಾಧಿಕಾರಿಗಳ ಭಾವಮೈದುನ, ಲೆಕ್ಕಾಧಿಕಾರಿಗಳ ಇಬ್ಬರು ಷಡ್ಡಕರು, ಹೀಗೆ. ಅರ್ಹತೆಯ ನಿಯಮ ಸರಳವಾಗಿತ್ತು: "ಪೂರ್ವಾನುಭವ ಅಗತ್ಯವಿಲ್ಲ. ತಿನ್ನುವ ಸಾಮರ್ಥ್ಯವಿರತಕ್ಕದ್ದು." ಹನ್ನೊಂದೂ ಜನ ತೊಟ್ಟಿಯ ಸುತ್ತ ಕುರ್ಚಿ ಹಾಕಿಕೊಂಡು ನೀರನ್ನು ನೋಡುತ್ತ ಕುಳಿತರು. ನೀರು ಕಪ್ಪಾಗಿಯೇ ಇತ್ತು.

ತೊಟ್ಟಿಯಪ್ಪನಿಗೆ ತಡೆಯಲಾಗಲಿಲ್ಲ. ಮೇಡಂ ಬರೆದುಕೊಟ್ಟ ಚೀಟಿ ಹಿಡಿದು ಪಕ್ಕದ ಊರಿನ ಘಟಕಕ್ಕೆ ಸೈಕಲ್ಲಿನಲ್ಲಿ ಹೋಗಿ, ಎರಡು ಕ್ಯಾನು ಜೀವಂತ ಗಸಿ ತಂದ. ಭಾವಮೈದುನ ಕುರ್ಚಿಯಿಂದಲೇ ಕಾಲು ಚಾಚಿ ತಡೆದ.

"ಏನ್ರೀ ಅದು, ಕ್ಯಾನಲ್ಲಿ?"

"ನಮ್ಮವರು."

"ಇನ್ನೂ ಬಂದ್ರಾ? ಯಾವ ಸಾಹೇಬರ ಕಡೆ?"

ತೊಟ್ಟಿಯಪ್ಪ ಆಕಾಶದ ಕಡೆ ಬೆರಳು ತೋರಿಸಿದ. "ಮೇಲಿನವನ ಕಡೆ."

"ಅಯ್ಯೋ, ಅಷ್ಟು ಮೇಲಿಂದಾನಾ!" ಭಾವಮೈದುನ ಕಾಲು ಮಡಚಿಕೊಂಡು ಎದ್ದು ನಿಂತ. ಉಳಿದ ಹತ್ತು ಜನರೂ ಎದ್ದರು. ಕ್ಯಾನುಗಳು ಖಾಲಿಯಾಗುವವರೆಗೆ ಯಾರೂ ಕೂರಲಿಲ್ಲ.

ತೊಟ್ಟಿಯಪ್ಪ ದಿನವಿಡೀ ಗಾಳಿಯಂತ್ರಗಳ ಬಳಿಯೇ ಇದ್ದ. ಜಾಡಿಯ ಮೇಲೆ ಜಾಡಿ ತುಂಬಿ ನೋಡಿದ. ಎರಡು ವಾರದಲ್ಲಿ ಗಸಿ ಕೆಳಗಿಳಿಯಿತು, ಮೇಲೆ ತಿಳಿನೀರು ನಿಂತಿತು. ಹನ್ನೊಂದು ಜನರಿಗೆ ಪ್ರಶಂಸಾಪತ್ರ ಬಂದಿತು. ತೊಟ್ಟಿಯಪ್ಪನ ನೋಟಿಸನ್ನು ಹಿಂಪಡೆದು ಅವನನ್ನು ಆ ಹನ್ನೊಂದು ಜನರ ಸಹಾಯಕನನ್ನಾಗಿ ಮಾಡಲಾಯಿತು.

"ಹೋಗ್ಲಿ, ಕೆಲಸ ಉಳೀತಲ್ಲ" ಎಂದಳು ಹೆಂಡತಿ.

"ತೊಟ್ಟಿ ಉಳೀತು ಕಣೇ" ಎಂದ ಅವನು.

ಆರು ತಿಂಗಳಲ್ಲಿ ಹನ್ನೊಂದು ಇಪ್ಪತ್ತೆರಡಾಯಿತು. ಅರ್ಧ ಗಂಟೆಯ ವೇಗ ಬಾರದಿದ್ದರೂ, ಮನುಷ್ಯರ ಮಟ್ಟಿಗೆ ಇದು ತೃಪ್ತಿಕರವೆಂದು ವರದಿ ಹೇಳಿತು. ಕುರ್ಚಿ ಹಾಕಲು ಸುತ್ತಲೂ ಜಾಗ ಸಾಲದೆ ಎರಡನೆಯ ತೊಟ್ಟಿ ಕಟ್ಟಲಾಯಿತು. ಅದಕ್ಕೆ ಸಾಲುವಷ್ಟು ಕೊಳಚೆ ಪಟ್ಟಣದಲ್ಲಿ ಇಲ್ಲವೆಂಬುದು ಉದ್ಘಾಟನೆಯ ದಿನ ತಿಳಿಯಿತು. ಮರುದಿನವೇ ಪ್ರಕಟಣೆ: "ಪ್ರತಿ ಮನೆಯವರೂ ದಿನಕ್ಕೆ ಕನಿಷ್ಠ ಎರಡು ಬಕೆಟ್ಟು ಹೆಚ್ಚುವರಿ ಕೊಳಕು ನೀರನ್ನು ಉತ್ಪಾದಿಸಿ ಸಹಕರಿಸಬೇಕಾಗಿ ಕೋರಿಕೆ."

ಜನ ಸಹಕರಿಸಿದರು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು. "ನಿಮ್ಮದು ತೀರಾ ತಿಳಿಯಾಗಿದೆ ಕಣ್ರೀ, ಸ್ವಲ್ಪ ಮಣ್ಣು ಕಲಸಿ" ಎಂದು ನೆರೆಯವರು ನೆರೆಯವರಿಗೆ ಬುದ್ಧಿ ಹೇಳಿದರು.

ತೊಟ್ಟಿಯಪ್ಪನ ಹೆಂಡತಿ ಬಚ್ಚಲ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಳು. "ಒಂದು ತುಂಬಿದೆ. ಎರಡನೇದಕ್ಕೆ ಏನು ಹಾಕ್ಲಿ?"

"ಇರೋದನ್ನ ಹಾಕು. ಅವರು ಏನು ಕೊಟ್ರೂ ತಿಂತಾರೆ."

"ಯಾರು? ತೊಟ್ಟಿಯವರಾ, ಕುರ್ಚಿಯವರಾ?"

"ಇಬ್ರೂನೂ" ಎಂದು ಅವನು ಸೈಕಲ್ಲು ಹತ್ತಿದ. ಅವಳು ಸೊಂಟ ಬಗ್ಗಿಸಿ ಬಕೆಟ್ಟು ತುಂಬಿದಳು.