ಇಡೀ ಮನೆಗೆ ಒಂದೇ ಫೋನು

ಚಿಂತಾಮಣಿ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್. ಇಷ್ಟು ವರ್ಷ ಕೆಮ್ಮು, ನೆಗಡಿ ಅಂತ ಬಂದವರಿಗೆ ಬಿಟ್ಟಿ ಸಲಹೆ ಕೊಡುವ ಹಕ್ಕು ನನ್ನದಾಗಿತ್ತು. ಈಗ ಜನ ಫೋನಿನೊಳಗಿನ ಎಐ ಹತ್ತಿರ ಎಲ್ಲ ಕೇಳಿಕೊಂಡು ಬರುತ್ತಾರೆ, ಅದು ಹೇಳಿದ್ದು ಸರಿಯಾ ಅಂತ ಮಾತ್ರ ನನ್ನನ್ನು ಕೇಳುತ್ತಾರೆ. ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾದೀತು. ಆದರೆ ವಾರಕ್ಕೊಂದಾದರೂ ಹೀಗೆ ಏನಾದರೂ ನಡೆಯುವುದರಿಂದ ಆ ಕಿಚ್ಚು ತಾನಾಗಿಯೇ ಆರುತ್ತದೆ.

ಚೌಕಾಸಿ

ತರಕಾರಿ ವ್ಯಾಪಾರದ ಸಾಹೇಬರಿಗೆ ಸಕ್ಕರೆ ಕಾಯಿಲೆ. ದಿನಾ ಮುಕ್ಕಾಲು ಗಂಟೆ ನಡೆಯಿರಿ ಅಂದಿತಂತೆ ಫೋನು. ನಮ್ಮ ಮಾರ್ಕೆಟ್ಟಿನಲ್ಲಿ ಮೊದಲು ಹೇಳಿದ ರೇಟಿಗೆ ಒಪ್ಪಿದವನನ್ನು ಯಾರೂ ವ್ಯಾಪಾರಿ ಅನ್ನುವುದಿಲ್ಲ. ಸಾಹೇಬರು ಅಲ್ಲೂ ಶುರು ಹಚ್ಚಿಕೊಂಡರು.

"ಜಾಸ್ತಿ ಆಯ್ತು. ಹತ್ತು ನಿಮಿಷ" ಅಂದರಂತೆ. ಕಷ್ಟವಾದರೆ ಅರ್ಧ ಗಂಟೆ ನಡೆಯಿರಿ ಅಂದಿತು ಅದು. "ಬೆಳಿಗ್ಗೆಯಿಂದ ಮಾರ್ಕೆಟ್ಟಲ್ಲಿ ನಿಂತೇ ಇರ್ತೀನಿ, ಅದನ್ನ ಮುರ್ಕೊಂಡು ಹೇಳಿ" ಅಂದರು ಇವರು. ಕೊನೆಗೆ, ಮೊದಲ ವಾರ ಇಪ್ಪತ್ತು ನಿಮಿಷವಾದರೂ ಸರಿ ಅಂತ ಅದು ಇಳಿಯಿತು.

ಸಾಹೇಬರು ಗೆದ್ದ ಮುಖ ಹೊತ್ತು ಅಂಗಡಿಗೆ ಬಂದರು. "ಇನ್ನೊಂದು ಸ್ವಲ್ಪ ಎಳೆದಿದ್ರೆ ಹದಿನೈದಕ್ಕೆ ಬಿಡ್ತಿತ್ತು ಭಾಯ್."

ಎರಡು ದಿನ ಬಿಟ್ಟು ನೋಡಿದರೆ ಅದೇ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಅಂಗಡಿ ಮುಂದೆ ಮೂರನೇ ಸುತ್ತು ಹೊಡೆಯುತ್ತಿದ್ದರು. ಇಪ್ಪತ್ತು ನಿಮಿಷ ಯಾವಾಗಲೋ ದಾಟಿತಲ್ಲ ಅಂದೆ.

"ನಾನು ಮಾರ್ಕೆಟ್ಟಿಗೆ ಹೋದ ಮೇಲೆ ನಮ್ಮ ಮನೆಯವರು ಅದರ ಹತ್ರ ಕೂತು ಮಾತಾಡಿದಾರೆ" ಅಂದರು. "ಈಗ ಒಂದು ಗಂಟೆ."

ಯೋಗಕ್ಷೇಮ

ಆಂಧ್ರದ ಗಡಿ ಕಡೆಯ ಹಳ್ಳಿಯಿಂದ ಬಿ.ಪಿ. ಮಾತ್ರೆಗೆ ಬರುವ ಅಜ್ಜಿಯೊಬ್ಬರಿದ್ದಾರೆ. ನಿದ್ದೆ ಬರಲ್ಲ ಅಂತ ಗೊಣಗಿದ್ದಕ್ಕೆ ಮೊಮ್ಮಗಳು ಫೋನು ಕೊಟ್ಟು, ಇದನ್ನೇ ಕೇಳು ಅಂದಳಂತೆ. ಅಜ್ಜಿ ಮರ್ಯಾದಸ್ಥೆ. ಎದುರಿಗಿರುವವರ ಊಟ, ನಿದ್ದೆ ವಿಚಾರಿಸದೆ ತನ್ನ ಕಷ್ಟ ಹೇಳಿಕೊಳ್ಳುವ ಜಾಯಮಾನ ಅವರದಲ್ಲ. ಮೊದಲು ಅದರ ಯೋಗಕ್ಷೇಮವನ್ನೇ ಕೇಳಿದರು.

"ಏನಂತಮ್ಮ ಅದು?" ಅಂದೆ.

"ಅದಕ್ಕೆ ತಿಂಡಿ ಲೇದಂತೆ, ನಿದ್ರ ಲೇದಂತೆ" ಅಂದರು ಅಜ್ಜಿ ತೆಲುಗು ಬೆರೆಸಿ. "ಊಟ, ನಿದ್ದೆನೇ ಇಲ್ಲದ್ದರ ಹತ್ರ ನಾನು ನಿದ್ದೆಗೆ ಔಷಧಿ ಕೇಳ್ಲಾ? ನನ್ನ ಮಾತ್ರೆ ನೀನೇ ಕೊಡಪ್ಪ."

ಆವತ್ತು ಪೂರ್ತಿ ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

ತಾತನ ಎರಡು ತಿಂಗಳು

ನಮ್ಮ ಪಕ್ಕದ ಮನೆಯಲ್ಲಿ ಮೂರು ಜನ: ಬಸ್ ಕಂಡಕ್ಟರಾಗಿ ರಿಟೈರ್ ಆದ ತಾತ, ಮಗ, ಸೊಸೆ. ತಾತನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗ ತನ್ನ ಫೋನು ಕೆಲಸಕ್ಕೆ ಒಯ್ಯುತ್ತಾನೆ. ಮನೆಯಲ್ಲಿ ಉಳಿಯುವುದು ಸೊಸೆಯ ಫೋನು, ಅದೇ ಇಬ್ಬರಿಗೂ.

ಒಂದು ದಿನ ಮಗ ಬಂದು ಬಸುರಿಯರ ಫೋಲಿಕ್ ಮಾತ್ರೆ ತೆಗೆದುಕೊಂಡು, ದನಿ ತಗ್ಗಿಸಿ ಹೇಳಿದ. "ಅಣ್ಣ, ಅಪ್ಪನಿಗೆ ಹೇಳ್ಬೇಡಿ. ಹೋದ ಸಲ ಮೊದಲೇ ಹೇಳ್ಬಿಟ್ವಿ. ಬೀದಿಗೆಲ್ಲ ಹೋಳಿಗೆ ಹಂಚಿದ್ರು. ಆಮೇಲೆ ಹಂಗಾಯ್ತಲ್ಲ, ಹದಿನೈದು ದಿನ ನೆಟ್ಟಗೆ ಊಟ ಮಾಡ್ಲಿಲ್ಲ. ಮೂರು ತಿಂಗಳು ತುಂಬಲಿ, ಅವಳೇ ಹೇಳ್ತಾಳೆ."

ಹೋಳಿಗೆ ತಿಂದವರಲ್ಲಿ ನಾನೂ ಒಬ್ಬ. ಹೇಳಲ್ಲ ಅಂದೆ.

ಅದೇ ವಾರ ತಾತ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಮಂಡಿನೋವಿಗೆ ಮಾತ್ರೆ ತಗೋಬಹುದಾ ಅಂತ ಫೋನಿಗೆ ಕೇಳ್ದೆ ಕಣಪ್ಪ. ನೀವು ಎರಡು ತಿಂಗಳ ಗರ್ಭಿಣಿ ಅಂತ ಹೇಳಿದ್ರಲ್ಲ, ಡಾಕ್ಟರನ್ನ ಕೇಳದೆ ಆ ಮಾತ್ರೆ ಬೇಡ ಅಂತು."

ಸೊಸೆ ಕೇಳಿದ್ದು, ಮಾವ ಕೇಳಿದ್ದು, ಎರಡನ್ನೂ ಒಬ್ಬರದೇ ಮಾತು ಅಂತ ನೆನಪಿಟ್ಟುಕೊಂಡಿತ್ತು ಆ ಎಐ. ನನಗೇನೂ ಗೊತ್ತಿಲ್ಲ ತಾತ ಅಂದೆ.

"ನಿಂಗೆ ಗೊತ್ತು. ಸುಳ್ಳು ಹೇಳುವಾಗ ನೀನು ಬೀರು ಕಡೆ ತಿರುಗ್ತೀಯ" ಅಂದರು. ಕಣ್ಣು ತುಂಬಿತ್ತು. "ಇರಲಿ ಬಿಡು. ಹುಡುಗಿ ಹೆದರ್ಕೊಂಡಿದಾಳೆ. ಅವಳಾಗೇ ಹೇಳೋವರೆಗೂ ನಂಗೂ ಗೊತ್ತಿಲ್ಲ."

ಆವತ್ತಿನಿಂದ ನನ್ನ ಪಾಡು ಕೇಳಬೇಡಿ. ಮಗನ ಗುಟ್ಟು ತಾತನಿಗೆ ಹೇಳುವಂತಿಲ್ಲ, ತಾತನ ಗುಟ್ಟು ಮಗನಿಗೆ ಹೇಳುವಂತಿಲ್ಲ.

ತಾತನಿಗೆ ಬಸುರಿಯ ಆರೈಕೆಯ ಬಗ್ಗೆ ಕೇಳಿಕೊಳ್ಳಲು ಮನೆಯಲ್ಲಿ ಹಿರಿಯ ಹೆಂಗಸರಿಲ್ಲ, ಬೀದಿಯಲ್ಲಿ ಕೇಳಿದರೆ ಗುಟ್ಟು ರಟ್ಟು. ಹೇಗೂ ಫೋನು ನಂಬಿಕೊಂಡಿದೆಯಲ್ಲ ಅಂತ ತಾವೇ ಬಸುರಿಯಾಗಿ ಮುಂದುವರಿದರು. ಸೊಸೆ ಸ್ನಾನಕ್ಕೆ ಹೋದಾಗ ಮೆಲ್ಲಗೆ ಕೇಳುತ್ತಿದ್ದರಂತೆ: "ನಂಗೆ ಬೆಳಿಗ್ಗೆ ಎದ್ರೆ ವಾಕರಿಕೆ, ಏನು ತಿನ್ಲಿ?" ಅದು ಒಣ ತಿಂಡಿ ಅಂದರೆ ಮಾರನೇ ದಿನ ಅಡುಗೆಮನೆಯಲ್ಲಿ ರಸ್ಕಿನ ಪೊಟ್ಟಣ. ಭಾರ ಎತ್ತಬೇಡಿ ಅಂದರೆ, ಸೊಸೆ ಏಳುವಷ್ಟರಲ್ಲಿ ಕೊಡಗಳೆಲ್ಲ ಭರ್ತಿ.

ನೀರು ಹೊತ್ತು ಮಂಡಿ ಊದಿತು. ಡಾಕ್ಟರ ಹತ್ತಿರ ಕಳಿಸಿದೆ, ಅವರು ಮಾತ್ರೆ ಬರೆದುಕೊಟ್ಟರು. ತಾತ ಚೀಟಿಯಲ್ಲಿದ್ದ ಮುಲಾಮನ್ನು ಮಾತ್ರ ತೆಗೆದುಕೊಂಡರು. "ಮಾತ್ರೆ ಬೇಡಪ್ಪ. ಫೋನಿಗೆ ತಿಳಿದರೆ ಬೈಯುತ್ತೆ."

ಮೂರು ತಿಂಗಳು ತುಂಬಿದ ದಿನ ಮಗ ಸೊಸೆ ಸ್ಕ್ಯಾನಿಂಗ್ ಮುಗಿಸಿ ನೇರ ನನ್ನ ಅಂಗಡಿಗೇ ಬಂದರು. ಎಲ್ಲ ಚೆನ್ನಾಗಿದೆ ಅಂದಿದ್ದರು ಡಾಕ್ಟರು. ತಾತ ಸ್ಟೂಲಿನ ಮೇಲೆ ಕೂತಿದ್ದರು. ಸುದ್ದಿ ಕೇಳಿದಾಗ ಹೇಗೆ ಆಶ್ಚರ್ಯಪಡಬೇಕು ಅಂತ ಒಂದು ತಿಂಗಳಿಂದ ನನ್ನೆದುರಿಗೇ ಅಭ್ಯಾಸ ಮಾಡಿದ್ದರು ಆ ಮನುಷ್ಯ.

ಸೊಸೆ ಮಾವನ ಮುಂದೆ ಬಂದು ನಿಂತಳು. "ಮಾವ, ನಿಮಗೊಂದು ವಿಷಯ ಹೇಳ್ಬೇಕು. ನಂಗೆ ಇವತ್ತಿಗೆ ಮೂರು ತಿಂಗಳು ತುಂಬಿತು."

ತಾತನಿಗೆ ಅಭ್ಯಾಸವೆಲ್ಲ ಮರೆತುಹೋಯಿತು. ಎದ್ದು ಅವಳ ತಲೆ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಳ್ಳುತ್ತಾ ಹೇಳಿದರು:

"ಗೊತ್ತು ಕಣಮ್ಮ. ನಂಗೂ ಇವತ್ತಿಗೇ ತುಂಬಿತು."