ಮೂರು ಚುಕ್ಕಿಯೊಳಗೆ ಬಿದ್ದ 'ಇಲ್ಲ'

ನನಗೆ ತಲೆಬರಹ ಕೊಡುವ ಚಟವಿದೆ. ಊಟವಾದ ಮೇಲೆ ಅಡಿಕೆ ಸಿಗದಿದ್ದರೆ ಕೆಲವರು ಹೇಗೆ ಚಡಪಡಿಸುತ್ತಾರೋ, ದಿನ ಮುಗಿದ ಮೇಲೆ ಅದಕ್ಕೊಂದು ತಲೆಬರಹ ಇಡದಿದ್ದರೆ ನಾನು ಹಾಗೆ ಚಡಪಡಿಸುತ್ತೇನೆ. ಮೊಬೈಲಿನಲ್ಲಿ ದಿನಚರಿ ಬರೆಯುತ್ತೇನೆ. ಮೇಲೆ ತಾರೀಖು, ಅದರ ಕೆಳಗೆ ತಲೆಬರಹ, ಕೊನೆಗೆ ಆ ದಿನದ ಲೆಕ್ಕ. "ಬಸ್ಸು ತಪ್ಪಿದ ಮಂಗಳವಾರ. ಚಹಾ ಮೂರು, ಜಗಳ ಒಂದು, ಸೋತದ್ದೂ ಒಂದು." ಓದುವವಳು ನಾನೊಬ್ಬಳೇ ಆದ್ದರಿಂದ ಇದುವರೆಗೆ ಯಾರೂ ತಕರಾರು ಮಾಡಿರಲಿಲ್ಲ. ಓದುಗರಿಲ್ಲದ ಬರಹಗಾರ್ತಿಗೆ ತನ್ನ ಪ್ರತಿಭೆಯ ಬಗ್ಗೆ ಎಷ್ಟು ದೊಡ್ಡ ಅಭಿಪ್ರಾಯವನ್ನಾದರೂ ಇಟ್ಟುಕೊಳ್ಳುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೆ. ಹಾಗಾಗಿ ಮಾದನಹಿಪ್ಪರಗಾದ ನಮ್ಮ ಚಿಗವ್ವನ ರೊಟ್ಟಿಯ ವೆಬ್‌ಸೈಟಿಗೆ ಒಂದು ತಲೆಬರಹ ಬೇಕಾದಾಗ, "ಅದೇನ್ ದೊಡ್ಡ ಮಾತು, ನನಗ ಬಿಡು" ಎಂದುಬಿಟ್ಟೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ, ಶರಣಮ್ಮ. ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ, ಜೊತೆಗೆ ನಂಜಿಕೊಳ್ಳಲು ಖಾರದ ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. ಅವಳ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ. ಮುರಿದರೆ ಆಚೆಮನೆಯವರಿಗೆ ಊಟದ ಹೊತ್ತಾಯಿತೆಂದು ಗೊತ್ತಾಗುತ್ತದೆ. ಹೀಗಿರುವಾಗ ಕಲಬುರಗಿಯ ವ್ಯಾಪಾರಿಯೊಬ್ಬರು ಬಂದು, "ನೀವು ಎಷ್ಟು ರೊಟ್ಟಿ ಬಡದ್ರೂ ಅಷ್ಟೂ ನಾನೇ ಒಯ್ತೇನ್ರಿ. ಆದ್ರ ಪಾಕೀಟಿನ ಮ್ಯಾಲ ನಮ್ಮ ಅಂಗಡಿ ಹೆಸರು ಇರಬೇಕು" ಎಂದರು. ಚಿಗವ್ವನ ಮುಖ ಸಪ್ಪಗಾಯಿತು. 'ಶರಣಮ್ಮನ ರೊಟ್ಟಿ' ಎಂದು ಅಚ್ಚಾದ ಮೊದಲ ಪಾಕೀಟನ್ನು ಅವಳು ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದಳು. ಲಗ್ನಪತ್ರಿಕೆಯಲ್ಲಿ ಕೂಡ ಅವಳ ಹೆಸರಿನ ಹಿಂದೆ ಮುಂದೆ ಹತ್ತು ಜನ ಹಿರಿಯರು ನಿಂತಿದ್ದರು. ಒಬ್ಬಳೇ ನಿಂತದ್ದು ಆ ಪಾಕೀಟಿನ ಮೇಲೆಯೇ.

"ಸಂಕ್ರಾಂತಿತನಕಾ ನೋಡ್ತೇನಿ ಬೇ ಭಾಗ್ಯಾ," ಎಂದಳು ನನಗೆ. "ನಿನ್ನ ನೆಟ್ಟಿನಾಗ ಗಿರಾಕಿ ಬಂದ್ರ ಛಲೋ. ಇಲ್ಲಂದ್ರ ಸಾವ್ಕಾರಗ ಹೂಂ ಅಂತೇನಿ. ಬರೇ ಹೆಸರು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?"

ತಲೆಬರಹವೆಂದರೆ, ನೆಟ್ಟಿನಲ್ಲಿ ಏನನ್ನಾದರೂ ಹುಡುಕಿದಾಗ ಪಟ್ಟಿಯಲ್ಲಿ ದಪ್ಪಗೆ ಕಾಣುವ ಆ ಸಾಲು. ಅಂಗಡಿಗೆ ಬೋರ್ಡು ಇದ್ದ ಹಾಗೆ. ಸೈಟು ಮಾಡಿದಾಗಿನಿಂದ ನಮ್ಮ ಬೋರ್ಡಿನ ಮೇಲೆ 'ಹೋಮ್' ಎಂದಷ್ಟೇ ಇತ್ತು. ಅಂದರೆ ಅಂಗಡಿಯ ಮುಂದೆ 'ಬಾಗಿಲು' ಎಂದು ಬರೆಸಿದ ಹಾಗೆ. ಅದನ್ನು ತೆಗೆದು, ದೊಡ್ಡ ಊರಿನವರಿಗೂ ತಿಳಿಯಲೆಂದು, ನಮ್ಮ ತಾಲ್ಲೂಕಿನ ಹೆಸರು ಸೇರಿಸಿ ಇಂಗ್ಲಿಷ್ ಅಕ್ಷರಗಳಲ್ಲಿ 'ಆಳಂದ ರೊಟ್ಟಿ' ಎಂದು ಹಾಕಿದೆ. ಮರುವಾರ ಚಿಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಮ್ಮೆಯಿಂದ ಹುಡುಕಿದರೆ ಪರದೆಯ ತುಂಬ ಸಮುದ್ರ, ಹಡಗು, ಕೆಂಪು ಬಣ್ಣದ ಮರದ ಮನೆಗಳು. ಫಿನ್ಲೆಂಡ್ ಕಡೆ ಆಳಂದದ ಅಕ್ಷರಗಳನ್ನೇ ಇಟ್ಟುಕೊಂಡ ದ್ವೀಪಗಳಿವೆಯಂತೆ. ನಮ್ಮ ರೊಟ್ಟಿ ಆ ಸಮುದ್ರದಲ್ಲಿ ಎಲ್ಲೋ ಮುಳುಗಿತ್ತು. ಚಿಗವ್ವ ಕನ್ನಡಕ ಏರಿಸಿ ನೋಡಿ, "ನಮ್ಮ ಅಮರ್ಜಾ ಡ್ಯಾಮಿಗೆ ಇಷ್ಟು ನೀರು ಯಾವಾಗ ಬಂತು ಬೇ?" ಎಂದು ಕೇಳಿದಳು. ಆ ದಿನದ ಲೆಕ್ಕ: ಗಿರಾಕಿ ಸೊನ್ನೆ, ದ್ವೀಪ ಲೆಕ್ಕವಿಲ್ಲದಷ್ಟು.

ಇಂಗ್ಲಿಷಿನ ಸಹವಾಸ ಸಾಕೆಂದು ಕನ್ನಡಕ್ಕೆ ಬಂದೆ. ಬಂದವಳು ಸುಮ್ಮನೆ ಬರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೊತ್ತುಕೊಂಡೇ ಬಂದೆ. 'ಮಾದನಹಿಪ್ಪರಗಾದ ಶರಣಮ್ಮನ ಖಡಕ್ ಜೋಳದ ರೊಟ್ಟಿ, ಕಲಬೆರಕೆ ಇಲ್ಲ, ಬಣ್ಣ ಇಲ್ಲ, ಮೋಸ ಇಲ್ಲ.' ಬರೆದು ಮೂರು ಸಲ ಗಟ್ಟಿಯಾಗಿ ಓದಿಕೊಂಡೆ. ಚುನಾವಣೆಗೆ ನಿಂತಿದ್ದರೆ ಗೆಲ್ಲುತ್ತಿದ್ದೆ. ಮರುದಿನ ಜೇವರ್ಗಿಯಿಂದ ಶಾಹಿದಾ ಫೋನು ಮಾಡಿದಳು. ಕಾಲೇಜಿನಲ್ಲಿ ನನ್ನ ಪಕ್ಕ ಕೂತವಳು, ನನ್ನ ಮಾನ ತೆಗೆಯುವ ಹಕ್ಕನ್ನು ಅಂದಿನಿಂದಲೂ ಕಾಪಾಡಿಕೊಂಡು ಬಂದವಳು.

"ಭಾಗ್ಯಾ, ಧಂದಾ ಮಾಡೋರೊಳಗ ನಿನ್ನಂಗ ಖುಲ್ಲಂಖುಲ್ಲಾ ಹೇಳೋರನ್ನ ನಾ ನೋಡೇ ಇಲ್ಲ ಬೇ."

"ಯಾಕ, ಏನಾತು?"

"ರೊಟ್ಟಿ ಕಲಬೆರಕೆ ಅಂತ ನೀನೇ ಬೋರ್ಡ್ ಹಾಕೀಯಲ್ಲ! ನಮ್ಮ ಅಮ್ಮೀಗೂ ತೋರಿಸ್ದೆ. ಹುಡುಗಿ ಭಾಳ ಇಮಾನದಾರ್ ಅದಾಳ ಅಂದ್ರು."

ನೋಡಿದರೆ ನಿಜ. ಸಾಲು ಉದ್ದವಾಯಿತೆಂದು ಹುಡುಕುವ ಯಂತ್ರ ಅದನ್ನು ನಡುವೆ ಕತ್ತರಿಸಿ ಮೂರು ಚುಕ್ಕಿ ಇಟ್ಟಿತ್ತು. 'ಮಾದನಹಿಪ್ಪರಗಾದ ಶರಣಮ್ಮನ ಖಡಕ್ ಜೋಳದ ರೊಟ್ಟಿ, ಕಲಬೆರಕೆ…' ನನ್ನ ಮೂರೂ 'ಇಲ್ಲ'ಗಳು ಆ ಚುಕ್ಕಿಗಳೊಳಗೆ ಬಿದ್ದು ಕಾಣೆಯಾಗಿದ್ದವು.

ಇದರಲ್ಲಿ ನನ್ನ ತಪ್ಪು ಅರ್ಧ, ನಮ್ಮ ಭಾಷೆಯದು ಅರ್ಧ ಎಂದು ನನ್ನ ವಾದ. ಕನ್ನಡದಲ್ಲಿ 'ಇಲ್ಲ', 'ಅಲ್ಲ', 'ಬೇಡ' ಎಲ್ಲವೂ ಮಾತಿನ ಬಾಲದಲ್ಲಿ ಕೂರುತ್ತವೆ. ಕೊನೆಯವರೆಗೂ ಕೇಳುವ ವ್ಯವಧಾನ ಇದ್ದವರಿಗಷ್ಟೇ ಸತ್ಯ. ನಮ್ಮ ಅಜ್ಜನಿಗೆ ದಮ್ಮಿನ ಕಾಯಿಲೆ ಇತ್ತು. ಚಿಗವ್ವನನ್ನು ನೋಡಲು ಮೊದಲ ಸಲ ಗಂಡಿನವರು ಬಂದಾಗ ಅಜ್ಜ ಧೈರ್ಯವಾಗಿ ವಿಷಯಕ್ಕೆ ಬಂದರಂತೆ. "ಹುಡುಗಿಗೆ ಸಿಟ್ಟು ಭಾಳ ಅಂತ ಊರಾಗ ಮಂದಿ ಅಂತಾರ್ರಿ. ಅದು ಖರೇ..." ಎನ್ನುವಷ್ಟರಲ್ಲಿ ಕೆಮ್ಮು ಹತ್ತಿತು. ಕೆಮ್ಮು ನಿಂತು "ಅಲ್ಲ" ಎನ್ನುವ ಹೊತ್ತಿಗೆ ಗಂಡಿನವರು ಆಳಂದದ ಬಸ್ಸಿನಲ್ಲಿದ್ದರು. ಈ ಕಥೆಯನ್ನು ನಾನು ನೆನಪಿಸಿದಾಗ ಚಿಗವ್ವ ಲಟ್ಟಣಿಗೆ ಎತ್ತಿ ತೋರಿಸಿದಳು. ಅಜ್ಜ ಕೆಮ್ಮಿದ್ದರಲ್ಲಿ ಅಂಥ ಸುಳ್ಳೇನೂ ಇರಲಿಲ್ಲ ಎನಿಸಿತು.

ಮೂರನೆಯ ಸಲ ಜಾಣಳಾದೆ. ಸಾಲು ಚಿಕ್ಕದಿರಬೇಕು, ಜನ ಹುಡುಕುವ ಪದವೇ ಮೊದಲಿರಬೇಕು. ಸುತ್ತಿನ ತಾಲ್ಲೂಕುಗಳಲ್ಲಿ ಜನ ಏನೇನು ಹುಡುಕುತ್ತಾರೆಂದು ಕೂತು ನೋಡಿದೆ. ರೊಟ್ಟಿಗಿಂತ ಹೆಚ್ಚು ಹುಡುಕುವುದು ಶೇಂಗಾ ಹಿಂಡಿಯನ್ನು! 'ಶೇಂಗಾ ಹಿಂಡಿ, ತಾಜಾ, ಬೇಕಾದಷ್ಟು: ಶರಣಮ್ಮ' ಎಂದು ಹಾಕಿದೆ. ಎರಡೇ ದಿನದಲ್ಲಿ ಏಳು ಫೋನು ಬಂದವು. ದಿನಚರಿಯಲ್ಲಿ ಏಳನ್ನೂ ಗೀಟು ಹಾಕಿ ಎಣಿಸಿದೆ. ಎಲ್ಲರೂ ಚೀಲದ ಲೆಕ್ಕದಲ್ಲಿ ಕೇಳುತ್ತಿದ್ದರು. ನಮ್ಮ ಕಡೆಯವರು ಖಾರ ತಿನ್ನುವುದರಲ್ಲಿ ಧೀರರು ಎಂದುಕೊಂಡೆ. ಎಂಟನೆಯವರು ಮಾತ್ರ, "ಕರುವಿಗೂ ಹಾಕಬಹುದೇನ್ರಿ?" ಎಂದು ಕೇಳಿಬಿಟ್ಟರು.

ನಮ್ಮಲ್ಲಿ ಹಿಂಡಿ ಎಂದರೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಚಟ್ನಿ ಪುಡಿ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವುದು, ದನಕ್ಕೆ ಹಾಕುವುದು, ಅದೂ ಹಿಂಡಿಯೇ. ಮನೆಯಲ್ಲಿ ಗೊಂದಲವಾಗುವುದಿಲ್ಲ, ಮುಂದೆ ತಟ್ಟೆ ಇದೆಯೋ ಗೋದಲಿ ಇದೆಯೋ ನೋಡಿದರೆ ಸಾಕು. ನೆಟ್ಟಿಗೆ ತಟ್ಟೆಯೂ ಇಲ್ಲ, ಗೋದಲಿಯೂ ಇಲ್ಲ.

ಸಂಕ್ರಾಂತಿಗೆ ವಾರವಿತ್ತು. ಒಂಬತ್ತನೆಯ ಫೋನು ಅಫಜಲಪುರ ಕಡೆಯ ಅತನೂರಿನ ಗುರಣ್ಣ ಎಂಬವರದು. ನನ್ನ ಮುಖ ನೋಡಿ ಚಿಗವ್ವ ಫೋನು ಕಸಿದುಕೊಂಡಳು.

"ನಮ್ಮ ನಾಲ್ಕು ಎಮ್ಮಿಗೆ ತಿಂಗಳಿಗೆ ಎಷ್ಟು ಹಿಂಡಿ ಬೇಕಾದೀತ್ರಿ?" ಎಂದರು ಗುರಣ್ಣ.

"ನಿಮ್ಮ ಎಮ್ಮಿ ಖಾರ ತಿಂತಾವೇನ್ರಿ ಅಣ್ಣಾ? ಬಳ್ಳೊಳ್ಳಿ ಹಾಕಿ ಕುಟ್ಟೇನಿ. ತಿಂದ ಮ್ಯಾಲ ಹಾಲು ಹಿಂಡಾಕ ಹೋಗೋದು ನಿಮ್ಮ ಹಣೇಬಾರ."

ಆ ಕಡೆಯಿಂದ ದೊಡ್ಡ ನಗು. "ಎಮ್ಮಿದು ಇರ್ಲಿ ಬಿಡ್ರಿ ಅಕ್ಕಾರ. ಅಫಜಲಪುರದಾಗ ನಂದೊಂದು ಖಾನಾವಳಿ ಅದ. ಆ ಎಮ್ಮಿ ಮೊಸರು ಅಲ್ಲಿಗೇ ಹೋಗ್ತದ. ಉಣ್ಣೋರು ದಿನಾ ಹಿಂಡಿ ಕೇಳ್ತಾರ, ಕುಟ್ಟೋರು ಯಾರೂ ಇಲ್ಲ. ರೊಟ್ಟಿನೂ ಮಾಡ್ತೀರೇನು? ಒಂದೀಟು ಕಳಸ್ರಿ, ನೋಡೂಣು."

ಬಸ್ಸಿಗೆ ಹಾಕಿ ಕಳಿಸಿದೆವು. ಮೂರನೆಯ ದಿನ ಗುರಣ್ಣ ಮತ್ತೆ ಫೋನು ಮಾಡಿ, ಪ್ರತಿ ವಾರ ರೊಟ್ಟಿ, ಹಿಂಡಿ ಎರಡೂ ಬೇಕೆಂದರು. ಚಿಗವ್ವ ಅಳುಕುತ್ತ, "ಪಾಕೀಟಿನ ಮ್ಯಾಲ ನಿಮ್ಮ ಖಾನಾವಳಿ ಹೆಸರು ಹಾಕಬೇಕೇನ್ರಿ?" ಎಂದು ಕೇಳಿದಳು.

"ಬ್ಯಾಡ್ರೀ ಅಕ್ಕಾರ! ನಿಮ್ಮ ಹೆಸರೇ ಇರ್ಲಿ. ಖಾರ ಹೆಚ್ಚಾತು ಅಂತ ಬೈಯೋರು ನಿಮಗೇ ಬೈಲಿ."

ಸಂಕ್ರಾಂತಿಗೆ ಬಂದ ಕಲಬುರಗಿಯ ವ್ಯಾಪಾರಿಗೆ ಎಳ್ಳು ಬೆಲ್ಲ ಕೊಟ್ಟು ಚಿಗವ್ವ, "ಇಲ್ರಿ ಸಾವ್ಕಾರ, ಆಗೂದಿಲ್ಲ" ಎಂದಳು. ಎಲ್ಲಾದರೂ ಕತ್ತರಿಸಿ ಹೋದೀತೆಂದು 'ಇಲ್ಲ'ವನ್ನು ಎರಡೂ ತುದಿಗೆ ಕಟ್ಟಿದ್ದಳು.

ಇನ್ನಾದರೂ ತಲೆಬರಹ ತಿದ್ದಿ 'ಚಟ್ನಿ ಪುಡಿ' ಎಂದು ಹಾಕುತ್ತೇನೆ ಎಂದೆ. "ಕೈ ಹಚ್ಚೀ ನೋಡು!" ಎಂದು ಗದರಿದಳು. "ಎಮ್ಮಿ ಇದ್ದ ಮನ್ಯಾಗ ಮಂದಿನೂ ಇರ್ತಾರ." ಪುಟದ ಒಳಗೆ ಮೊದಲ ಸಾಲಿನಲ್ಲೇ 'ಮನುಷ್ಯರಿಗೆ ಮಾತ್ರ' ಎಂದು ಸೇರಿಸಿ ಸುಮ್ಮನಾದೆ. ಆ ದಿನ ಹೆಮ್ಮೆಯಿಂದ ದಿನಚರಿ ತೆರೆದು ತಾರೀಖು ಹಾಕಿ ಬರೆದೆ: 'ತಲೆಬರಹದ ವಿದ್ಯೆಯಲ್ಲಿ ನಾನು ದಡ್ಡಿ ಅಲ್ಲವೇ ಅಲ್ಲ.'

ಮರುದಿನ ಗುರಣ್ಣನಿಗೆ ಫೋನು ಮಾಡಲೆಂದು ಚಿಗವ್ವ ನನ್ನ ಮೊಬೈಲು ಎತ್ತಿಕೊಂಡಳು. ದಿನಚರಿಯ ಪಟ್ಟಿ ತೆರೆದೇ ಇತ್ತು. ಹಿಟ್ಟಿನ ಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತ ನಿಧಾನವಾಗಿ ಓದಿದಳು: "ತಲೆಬರಹದ... ವಿದ್ಯೆಯಲ್ಲಿ... ನಾನು... ದಡ್ಡಿ." ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದಳು. "ಇದೊಂದು ಬರೋಬ್ಬರಿ ಬರದೀ ನೋಡು."

"ಪೂರಾ ಓದು ಚಿಗವ್ವ, ಮುಂದನೂ ಅದ!"

ಅವಳು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. "ಮುಂದ ಏನದ ಬೇ? ಮೂರು ಚುಕ್ಕಿ ಅದಾವ."