ಹಣ್ಣುಹುಳದ ದಿನ ಕರೆದ ಮಹಿಳಾ ಗ್ರಾಮಸಭೆ

ಒಂದು ಸಭೆಗೆ ದಿನ ಗೊತ್ತುಮಾಡುವುದು ಕಷ್ಟದ ಕೆಲಸವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ‘ಸ್ಥಳೀಯ ಆಯವ್ಯಯದಲ್ಲಿ ಸಾರ್ವಜನಿಕರ ಸಹಭಾಗಿತ್ವ’ ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆದು, ರಟ್ಟು ಹಾಕಿಸಿ, ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಹೊಡೆಸಿದ್ದೇನೆ. ಅದನ್ನು ಇದುವರೆಗೆ ಓದಿದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ನನ್ನ ಮಾರ್ಗದರ್ಶಕರು. ಅವರ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನವಿದೆ.

ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಅಮ್ಮ ಇನ್ನೂ ಅಲ್ಲೇ ಅಂಗಡಿ ನಡೆಸಬೇಕು. ಪಕ್ಕದ ಮನೆಯವಳು ಭಾಗ್ಯಕ್ಕ. ಬಟ್ಟೆ ಹೊಲಿಯುತ್ತಾಳೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡು ಕಾಲಿಗೂ ಬಲವಿಲ್ಲ. ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತಾಳೆ. ಪಂಚಾಯಿತಿ ಕಚೇರಿಗೆ ಏಳು ಮೆಟ್ಟಿಲು. ಪಿಂಚಣಿಯ ಕಾಗದಕ್ಕೆ ಹೋದರೆ ಅವಳು ಕೆಳಗೆ ರಸ್ತೆಯಲ್ಲೇ ಕಾಯಬೇಕು.

“ತರಕಾರಿ ಮಾರೋರ ತರ ಕೂಗ್ತೀನಿ ಕಣವ್ವ. ಯಾರಾದ್ರೂ ಆಚೆ ಬಂದ್ರೆ ಸರಿ. ಬರ್ದೇ ಇದ್ರೆ ಊಟಕ್ಕೋಗವ್ರೆ ಅಂತ ಗಾಡಿ ತಿರುಗಿಸ್ಕಂಡು ಬತ್ತೀನಿ.”

ಅಂಗವಿಕಲರಿಗೆಂದು ಪಂಚಾಯಿತಿಯವರು ಪ್ರತಿ ವರ್ಷ ಒಂದಷ್ಟು ಹಣ ಎತ್ತಿಡಬೇಕು. ಎತ್ತಿಡುತ್ತಾರೆ. ಪ್ರತಿ ವರ್ಷ ಅದರಲ್ಲಿ ಪ್ಲಾಸ್ಟಿಕ್ ಕುರ್ಚಿ ಕೊಳ್ಳುತ್ತಾರೆ.

“ನಂಗ್ಯಾಕೆ ಕುರ್ಚಿ? ನಾನು ಬರೋದೇ ಕುರ್ಚಿ ಮ್ಯಾಲೆ!” ಅನ್ನುತ್ತಾಳೆ ಭಾಗ್ಯಕ್ಕ. ಅವಳಿಗೆ ಬೇಕಾದದ್ದು ಮೆಟ್ಟಿಲ ಪಕ್ಕ ಒಂದು ಇಳಿಜಾರು, ಹಿಡಿದುಕೊಳ್ಳಲು ಒಂದು ಕಂಬಿ. ಅಷ್ಟೇ.

ನಾನು ಕಿರುಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಪಿಡಿಒ ಸಾಹೇಬರ ಬಳಿ ಹೋದೆ. ಪಂಚಾಯಿತಿಯ ಆಡಳಿತ ನೋಡಿಕೊಳ್ಳುವ ಅಧಿಕಾರಿ ಅವರೇ. ನನ್ನ ಮಾತನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು.

“ಮಹಿಳಾ ಗ್ರಾಮಸಭೆ ತೀರ್ಮಾನ ಮಾಡಿದ್ರೆ ಕಾಮಗಾರಿ ಪಟ್ಟಿಗೆ ಸೇರಿಸ್ತೀನಮ್ಮ. ಶುಕ್ರವಾರ ಪಟ್ಟಿ ತಾಲ್ಲೂಕಿಗೆ ಹೋಗ್ಬೇಕು. ನಲವತ್ತು ಜನ ಹೆಂಗಸ್ರ ಸಹಿ ಇರಲಿ. ನೀವು ಓದಿದೋರು, ದಿನ ನೀವೇ ಗೊತ್ಮಾಡಿ.”

ತಪ್ಪಿದರೆ ಇನ್ನೊಂದು ವರ್ಷ, ಇನ್ನೊಂದಷ್ಟು ಕುರ್ಚಿ.

ದಿನವನ್ನು ನಾನು ಶಾಸ್ತ್ರೀಯವಾಗಿ ಆರಿಸಿದೆ. ಅಮಾವಾಸ್ಯೆ ಇರಬಾರದು. ಸ್ವಸಹಾಯ ಸಂಘದ ಸಭೆ ಇರಬಾರದು. ರಾಹುಕಾಲ ಇರಬಾರದು. ಹಿಂದಿನ ರಾತ್ರಿಯ ಧಾರಾವಾಹಿ ಮರುಪ್ರಸಾರವಾಗುವ ಹೊತ್ತಂತೂ ಖಂಡಿತ ಇರಬಾರದು. ಇವೆಲ್ಲವನ್ನೂ ಜರಡಿ ಹಿಡಿದಾಗ ಉಳಿದದ್ದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ.

“ಗುರುವಾರನಾ?” ಅಮ್ಮ ತೊಗರಿಬೇಳೆ ತೂಗುತ್ತ ಕೇಳಿದಳು. “ಒಸಿ ಸಂಘದ ನಿಂಗಮ್ಮನ್ನ ಕೇಳ್ಬಾರ್ದಾ ಮಗ...”

“ಅಮ್ಮಾ, ಇದಕ್ಕೊಂದು ಪ್ರಕ್ರಿಯೆ ಅಂತ ಇದೆ.”

ಅಮ್ಮ ತಕ್ಕಡಿ ಕೆಳಗಿಟ್ಟಳು. ಬೇಳೆ ಪೊಟ್ಟಣ ಕಟ್ಟಿದಳು.

ಅಂದೇ ಕರಪತ್ರ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದೆ. ಗುರುವಾರ ಬಂತು. ಸಮುದಾಯ ಭವನದಲ್ಲಿ ಅರವತ್ತು ಕುರ್ಚಿ ಹಾಕಿಸಿದೆ. ಅವು ಅದೇ ಅಂಗವಿಕಲರ ಕುರ್ಚಿಗಳು. ಗೋಡೆಗೆ ನಾಲ್ಕು ದೊಡ್ಡ ನಕ್ಷೆ ಅಂಟಿಸಿದೆ. ಬಣ್ಣ ಬಣ್ಣದ ಹೋಳುಗಳಲ್ಲಿ ಪಂಚಾಯಿತಿಯ ಇಡೀ ಆಯವ್ಯಯ. ನಾಲ್ಕು ಜನರ ಮುಂದೆ ಮಾತಾಡಬೇಕಾದರೆ ನನಗೆ ಕೈ ಬೆವರುತ್ತದೆ. ಧೈರ್ಯಕ್ಕಿರಲಿ ಎಂದು ಅತ್ತಿಗೆ ಕೊಟ್ಟಿದ್ದ ಸೆಂಟನ್ನು ಮೊದಲ ಬಾರಿಗೆ ಹಾಕಿಕೊಂಡೆ. ಧೈರ್ಯ ಬರುವವರೆಗೂ ಹಾಕಿಕೊಂಡೆ.

ಹನ್ನೊಂದು ಗಂಟೆಗೆ ಭಾಗ್ಯಕ್ಕ ಬಂದಳು. ಹನ್ನೊಂದೂವರೆಗೆ ಒಂದು ಕೋಳಿ ಬಂತು. ನಕ್ಷೆಗಳನ್ನು ಒಂದೊಂದಾಗಿ ನೋಡಿ ಹೊರಟುಹೋಯಿತು. ಹನ್ನೆರಡಾದರೂ ಇನ್ನಾರೂ ಇಲ್ಲ!

“ಯಾರೂ ಬರಲ್ಲ ಕಣವ್ವ,” ಭಾಗ್ಯಕ್ಕ ಮೆಲ್ಲಗೆ ಹೇಳಿದಳು. “ಇವತ್ತು ಊರ್ನಾಗಿರೋ ಹುಳ ಎಲ್ಲಾ ಹಣ್ಣಾಗವೆ.”

ನಮ್ಮೂರಲ್ಲಿ ಹೆಚ್ಚಿನವರು ರೇಷ್ಮೆ ಹುಳ ಸಾಕುತ್ತಾರೆ. ಎಲ್ಲರೂ ಒಂದೇ ಕೇಂದ್ರದಿಂದ ಒಂದೇ ದಿನ ಮರಿಹುಳ ತರುತ್ತಾರೆ. ಹಾಗಾಗಿ ಎಲ್ಲರ ಮನೆಯ ಹುಳವೂ ಹೆಚ್ಚುಕಡಿಮೆ ಒಂದೇ ದಿನ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ ಹಣ್ಣಾಗುತ್ತದೆ. ಆ ದಿನ ಅವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಬಿಡದಿದ್ದರೆ ತಿಂಗಳ ಶ್ರಮ ಮಣ್ಣುಪಾಲು. ಆ ದಿನ ಯಾರ ಮನೆಯಲ್ಲಿ ಮದುವೆಯನ್ನೂ ಇಟ್ಟುಕೊಳ್ಳುವುದಿಲ್ಲ. ನಾನು ಮಹಿಳಾ ಗ್ರಾಮಸಭೆ ಇಟ್ಟುಕೊಂಡಿದ್ದೆ!

ಹುಟ್ಟಿದ ಊರಿನ ಈ ಲೆಕ್ಕ ನನಗೆ ಹೇಗೆ ತಿಳಿಯಲಿಲ್ಲವೆಂದರೆ, ನಮ್ಮದು ಅಂಗಡಿಯ ಮನೆ, ನಾನು ಹೈಸ್ಕೂಲಿನಿಂದಲೂ ಮೈಸೂರಿನ ಹಾಸ್ಟೆಲಿನವಳು. ಇದು ಕಾರಣವಲ್ಲ, ನೆಪ.

“ಗೊತ್ತಿದ್ದೂ ಯಾಕಕ್ಕ ಹೇಳಲಿಲ್ಲ?”

“ನೀನು ನಂಗೆ ಹೇಳೋ ಹೊತ್ಗೆ ಕರಪತ್ರ ಅಚ್ಚಾಗೋಗಿತ್ತು. ಓದಿರೋ ಮಗ, ಏನೋ ಲೆಕ್ಕ ಇದ್ದಾತು ಅನ್ಕಂಡೆ.”

ಈ ಮಾತಿಗಿಂತ ಅವಳು ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು.

“ಅಳ್ತಾ ಕೂತ್ರೆ ಆಯ್ತದಾ? ಅವ್ರು ಬರಕಾಗಲ್ಲ, ನಾವೇ ಹೋಗಾನ. ಸಹಿ ಪುಸ್ತಕ ತಗಾ, ಗೋಡೆ ಮ್ಯಾಲಿರೋ ಕಾಗ್ದನೂ ತಗಾ. ನಡಿ!”

ಮೊದಲು ಹೋದದ್ದು ನಿಂಗಮ್ಮನವರ ಹುಳದ ಮನೆಗೆ. ನಿಂಗಮ್ಮನವರು ಸ್ವಸಹಾಯ ಸಂಘದ ಅಧ್ಯಕ್ಷೆ. ಊರಿನ ಹೆಂಗಸರು ಒಂದು ಮಾತು ಕೇಳುವುದಿದ್ದರೆ ಅವರದ್ದು. ನಾನು ಹೊಸ್ತಿಲು ದಾಟಿ ಬಾಯಿ ತೆರೆಯುವಷ್ಟರಲ್ಲಿ ಅವರು ಕಿರುಚಿದರು.

“ಅಯ್ಯೋ, ಸೆಂಟು! ಯಾವೋಳೇ ಅದು ಸೆಂಟು ಹಾಕ್ಕಂಡು ಒಳಿಕ್ ಬಂದೋಳು? ಹುಳ ಸತ್ತೋಯ್ತವೆ, ಆಚಿಕ್ಕೆ ನಡಿ!”

“ದೊಡ್ಡಮ್ಮ, ಇದು ಸಂವಿಧಾನ ಕೊಟ್ಟಿರೋ ಹಕ್ಕು...”

“ಮದ್ಲು ಸ್ನಾನ ಮಾಡು. ಆಮ್ಯಾಕೆ ಹಕ್ಕು.”

ಹಿತ್ತಲ ಬಚ್ಚಲಲ್ಲಿ ನನಗೆ ಅಭ್ಯಂಜನವಾಯಿತು. ಇಸ್ತ್ರಿ ಮಾಡಿದ್ದ ನನ್ನ ಹತ್ತಿ ಸೀರೆಯನ್ನು, ಅದಕ್ಕೂ ಸೆಂಟು ಹತ್ತಿದೆಯೆಂದು, ತಂತಿಯ ಮೇಲೆ ಎಸೆದರು. ಬದಲಿಗೆ ನಿಂಗಮ್ಮನವರ ಹಳೆಯ ನೈಟಿ. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ತಲೆಗೆ ಒದ್ದೆ ಟವಲು. ಈ ಪ್ರಕಾರವಾಗಿ ನಾನು ಮಹಿಳಾ ಗ್ರಾಮಸಭೆಯನ್ನು ಉದ್ಘಾಟಿಸಿದೆ.

ಒಳಗೆ ಒಂಬತ್ತು ಹೆಂಗಸರು ಬಗ್ಗಿ ಹುಳ ಆರಿಸುತ್ತಿದ್ದರು. ಹಣ್ಣುಹುಳದ ದಿನ ಯಾರೂ ಒಬ್ಬರೇ ದುಡಿಯುವುದಿಲ್ಲ. ಇವರ ಮನೆ ಮುಗಿಸಿ ಅವರ ಮನೆಗೆ, ಅವರದ್ದು ಮುಗಿಸಿ ಮುಂದಿನ ಮನೆಗೆ ಮುಯ್ಯಾಳಾಗಿ ಹೋಗುತ್ತಾರೆ. ನಾನು ನಕ್ಷೆಗಳನ್ನು ಬಿಚ್ಚಿದೆ.

“ಕಾಗ್ದ ತಂದಿದ್ದೀಯಾ? ಒಳ್ಳೇದಾಯ್ತು ಕೊಡವ್ವ,” ಎಂದು ಒಬ್ಬರು ಎಳೆದುಕೊಂಡರು. ಗೂಡು ಕಟ್ಟುವ ಮೊದಲು ಹುಳ ಒಮ್ಮೆ ಉಚ್ಚೆ ಹೊಯ್ಯುತ್ತದಂತೆ. ಅದಕ್ಕೆ ಚಂದ್ರಿಕೆಯ ಕೆಳಗೆ ಕಾಗದ ಹಾಸುತ್ತಾರಂತೆ. ಪಂಚಾಯಿತಿಯ ಇಡೀ ಆಯವ್ಯಯದ ಮೇಲೆ, ಹೋಳು ಹೋಳಿಗೂ ತಾರತಮ್ಯವಿಲ್ಲದೆ, ಹುಳಗಳು ಅಭಿಪ್ರಾಯ ತಿಳಿಸಿದವು.

“ಸುಮ್ನೆ ನಿಂತಿದ್ದೀಯಲ್ಲ, ನೀನೂ ಆರಿಸು.”

ಆರಿಸಿದೆ. ಒಂದು ಚಂದ್ರಿಕೆ ತುಂಬಾ ಆರಿಸಿದೆ. ನಿಂಗಮ್ಮನವರು ಬಂದು ನೋಡಿ ಹಣೆ ಚಚ್ಚಿಕೊಂಡರು.

“ಇವು ಇನ್ನೂ ಸೊಪ್ಪು ತಿನ್ನೋವು ಕಣೇ! ಹಣ್ಯಾವ್ದು ಕಾಯ್ಯಾವ್ದು ಕಾಣಕಿಲ್ವಾ? ಏನೇ ಓದಿದ್ದು ಮೈಸೂರ್ನಾಗೆ?”

ಒಂಬತ್ತು ಜನ ಬಿದ್ದುಬಿದ್ದು ನಕ್ಕರು. ಆ ನಗುವಿನ ನಡುವೆಯೇ, ಬಾಗಿಲಾಚೆ ಗಾಡಿಯಲ್ಲಿದ್ದ ಭಾಗ್ಯಕ್ಕ ತನ್ನ ಮಾತು ಹೇಳಿದಳು. ನಾಲ್ಕೇ ಮಾತು. ಏಳು ಮೆಟ್ಟಿಲು, ರಸ್ತೆಯ ಬಿಸಿಲು, ಕೂಗಾಟ, ಕುರ್ಚಿ. ನಗು ನಿಂತಿತು.

“ನಮ್ಮತ್ತೆ ಪೆನ್ಸನ್ನಿಗೋಗಿ ಅದೇ ಮೆಟ್ಲಲ್ಲಿ ಜಾರಿದ್ದು,” ಒಬ್ಬರೆಂದರು.

“ಬಸ್ರಿ ಹೆಂಗಸ್ರು ಏದುಸಿರು ಬುಡ್ತಾ ಹತ್ತೋದೂ ಅದೇ ಮೆಟ್ಲು,” ಇನ್ನೊಬ್ಬರು.

“ಕುರ್ಚಿ ಸಾಕು. ಇಳಿಜಾರು ಮಾಡ್ಲಿ. ಬರ್ಕಳೆ!” ಎಂದರು ನಿಂಗಮ್ಮನವರು.

ಎರಡು ವರ್ಷ ಓದಿ ನಾನು ರೂಪಿಸಿದ್ದ ಚರ್ಚಾ ವಿಧಾನಕ್ಕೆ ಎರಡು ಗಂಟೆ ಬೇಕಿತ್ತು. ಅವರಿಗೆ ಹಿಡಿದದ್ದು ಎರಡು ನಿಮಿಷ. ಹಾಗೆಯೇ ಹುಳದ ಮನೆಯಿಂದ ಹುಳದ ಮನೆಗೆ ಭಾಗ್ಯಕ್ಕನ ಗಾಡಿ ತಳ್ಳಿಕೊಂಡು ನೈಟಿಯಲ್ಲೇ ತಿರುಗಿದೆ. ಸಭೆ ನಡೆದ ಸ್ಥಳ ಎಂಬಲ್ಲಿ ‘ವಿವಿಧೆಡೆ’ ಎಂದು ಬರೆದೆ. ಸಂಜೆ ಎಣಿಸಿದಾಗ ನಲವತ್ತಾರು ಸಹಿ! ಪುಸ್ತಕವನ್ನು ಚೀಲಕ್ಕೆ ಹಾಕಿ, ಮನೆಯಲ್ಲಿ ಮೊಳೆಗೆ ತಗುಲಿಸಿ, ಗೆದ್ದ ಸೇನಾಪತಿಯಂತೆ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಪಿಡಿಒ ಸಾಹೇಬರು ಪುಸ್ತಕ ತೆರೆದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಇದೇನಮ್ಮ ಲಗತ್ತು?”

ಯಾವುದೋ ಮನೆಯ ಹಣ್ಣುಹುಳವೊಂದು ನನ್ನ ಚೀಲ ಹೊಕ್ಕು, ತೀರ್ಮಾನದ ಪುಟದಲ್ಲೇ ಗೂಡು ಕಟ್ಟಿತ್ತು. ಎಳೆಯ ಪದರದೊಳಗೆ ಹುಳ ಇನ್ನೂ ತಲೆ ಆಡಿಸುತ್ತಿತ್ತು. ಅದು ಆರಿಸಿಕೊಂಡ ಜಾಗವೆಂದರೆ, ನಾನು ಬಲು ಮುತುವರ್ಜಿಯಿಂದ ಬರೆದಿದ್ದ ಎರಡು ಪ್ಯಾರಾದ ಪೀಠಿಕೆ. ಕೆಳಗೆ ನಿಂಗಮ್ಮನವರು ಬರೆಸಿದ ಒಂದು ಸಾಲು ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು.

“ಕೀಳ್ಬೇಡಿ, ಪಾಪ. ಕಾಮಗಾರಿ ಪ್ರಗತಿಯಲ್ಲಿದೆ,” ಎಂದರು ಸಾಹೇಬರು. ಅವರದ್ದೂ ಹುಳ ಸಾಕುವ ಮನೆಯಂತೆ. “ಓದೋಕೆ ಬೇಕಾದ್ದು ಕಾಣ್ತಿದೆಯಲ್ಲ.”

ಆಮೇಲೆ ಸಹಿಗಳ ಪುಟ ತಿರುವಿದರು. ಬೆರಳು ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು.

“ಪುಟ್ಟತಾಯಮ್ಮ ಮೂರು ಸಲ ಹಾಕವ್ರೆ.”

ಮುಯ್ಯಾಳುಗಳು! ನಾನು ಮನೆಯಿಂದ ಮನೆಗೆ ಹೋದಂತೆ ಅವರೂ ನನ್ನ ಹಿಂದೆಯೇ ಬಂದಿದ್ದರು. ಪುಸ್ತಕ ಚಾಚಿದಾಗಲೆಲ್ಲ ಮರ್ಯಾದೆಗೆ ಸಹಿ ಹಾಕಿದ್ದರು. ಸಾಹೇಬರು ಎರಡೆರಡು ಸಲ ಬಂದ ಹೆಸರುಗಳನ್ನು ಹೊಡೆಯುತ್ತ ಹೋದರು. ಭಾಗ್ಯಕ್ಕನದೂ ಸೇರಿ ಉಳಿದದ್ದು ಮೂವತ್ತೊಂಬತ್ತು.

“ಒಂದು ಕಮ್ಮಿ ಆಯ್ತಲ್ಲಮ್ಮ. ಪಟ್ಟಿ ತಗೊಂಡು ಹೋಗೋಕೆ ಜೀಪು ಬಂದು ನಿಂತಿದೆ.”

ಕೆಳಗೆ ರಸ್ತೆಯಲ್ಲಿ ಗಾಡಿಯ ಮೇಲೆ ಕೂತಿದ್ದ ಭಾಗ್ಯಕ್ಕನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಬಾಗಿಲಿಗೆ ಬಂದೆ.

“ಏನಾಯ್ತವ್ವಾ?” ಅವಳು ಅಲ್ಲಿಂದಲೇ ಕೂಗಿದಳು.

“ಒಂದು ಸಹಿ ಕಮ್ಮಿ ಅಕ್ಕಾ! ಒಬ್ಬ ಹೆಂಗಸು ಬೇಕು!”

“ಅಲ್ಲೇ ಒಬ್ಳು ಹೆಂಗ್ಸು ನಿಂತವ್ಳಲ್ಲ!”

ನಾನು ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

ಅದು ಅರ್ಥವಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಇಲ್ಲಿ ಬರೆಯಲಾರೆ. ಅಷ್ಟರಲ್ಲಿ ಜೀಪಿನ ಚಾಲಕ ಎರಡು ಸಲ ಹಾರ್ನ್ ಮಾಡಿದ. ಓಡಿಬಂದು ಸಹಿ ಹಾಕಿದೆ. ಕ್ರಮಸಂಖ್ಯೆ ನಲವತ್ತು. ಪಟ್ಟಿ ಹೋಯಿತು, ಇಳಿಜಾರೂ ಆಯಿತು. ಭಾಗ್ಯಕ್ಕ ಈಗ ನೇರವಾಗಿ ಒಳಗೆ ಹೋಗಿ, ಮೇಜಿನ ಮುಂದೆ ಗಾಡಿ ನಿಲ್ಲಿಸಿ, ಸಣ್ಣ ದನಿಯಲ್ಲೇ ಜಗಳವಾಡುತ್ತಾಳೆ.

ಸಹಿಯ ಪಕ್ಕದಲ್ಲಿ ‘ಉದ್ಯೋಗ’ ಎಂಬ ಕಲಂ ಒಂದಿತ್ತು. ಆಗ ಏನು ಬರೆಯಬೇಕೋ ತೋಚದೆ, ಮೇಲಿನ ಸಾಲುಗಳಲ್ಲಿದ್ದಂತೆ ‘ಹುಳ ಸಾಕಣೆ’ ಎಂದು ಬರೆದಿದ್ದೆ. ಪಟ್ಟಿ ಜೀಪಿಗೆ ಹೋಗುವ ಮೊದಲು ಪಿಡಿಒ ಸಾಹೇಬರು ಅದನ್ನು ಓದಿದರು. ಗಂಭೀರವಾಗಿ ಪೆನ್ನು ತೆಗೆದು ಹೊಡೆದುಹಾಕಿದರು.

“ಸುಳ್ಳು ದಾಖಲೆ ಆಗುತ್ತಮ್ಮ,” ಎಂದರು. “ನೀವು ಹುಳ ಆರಿಸಿದ್ದು ಹೇಗಂತ ನಿಂಗಮ್ಮನೋರು ಬೆಳಿಗ್ಗೆನೇ ಫೋನ್ ಮಾಡಿ ಹೇಳಿದ್ರು.”